ಇಲಿಗೆ ಪಾರ್ಕಿನ್ಸನ್ ಬಂದದ್ದು ಹೇಗೆ?

ಇಲಿಗೆ ಪಾರ್ಕಿನ್ಸನ್ ಕಾಯಿಲೆ ತಾನಾಗಿ ಬರುವುದಿಲ್ಲ. ಎಷ್ಟೇ ಮುಪ್ಪಾದರೂ ಮನುಷ್ಯರಿಗೆ ಆಗುವ ಹಾಗೆ ಅದರ ಕೈಕಾಲು ನಡುಗುತ್ತ, ಸೆಟೆದುಕೊಳ್ಳುತ್ತ ಹೋಗುವುದಿಲ್ಲ. ಆದರೂ ‘ಇಲಿಗಳಲ್ಲಿ ಪಾರ್ಕಿನ್ಸನ್ ತಡೆದ ಹೊಸ ಔಷಧ’ ಎಂಬ ತಲೆಬರಹ ಆಗಾಗ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಮನೆಯಲ್ಲಿ ಈ ಕಾಯಿಲೆಯವರಿದ್ದರೆ ಆ ಸುದ್ದಿಯನ್ನು ಎರಡೆರಡು ಸಲ ಓದುತ್ತೇವೆ, ನಾಲ್ಕು ಜನರಿಗೆ ಕಳಿಸುತ್ತೇವೆ, ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಕೇಳಬೇಕೆಂದು ನೆನಪಿಟ್ಟುಕೊಳ್ಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲೇ ಜಗತ್ತಿನಲ್ಲಿ 85 ಲಕ್ಷಕ್ಕೂ ಹೆಚ್ಚು ಜನ ಈ ಕಾಯಿಲೆಯೊಂದಿಗೆ ಬದುಕುತ್ತಿದ್ದರು. ಹಾಗೆ ಓದುವ ಮನೆಗಳು ಎಷ್ಟಿರಬಹುದು ಯೋಚಿಸಿ. ಆ ಓದಿನ ಹಿಂದಿರುವ ಆಸೆ ದೊಡ್ಡದು. ಅದಕ್ಕಾಗಿಯೇ, ಸುದ್ದಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಪ್ರಶ್ನೆಯನ್ನು ಇಲ್ಲಿ ಎತ್ತಿಕೊಳ್ಳುತ್ತಿದ್ದೇನೆ: ತಾನಾಗಿ ಬರದ ಕಾಯಿಲೆ ಆ ಇಲಿಗೆ ಬಂದದ್ದಾದರೂ ಹೇಗೆ?

ಬಹಳ ಸಲ ಉತ್ತರ ಒಂದೇ. ವಿಷ ಕೊಟ್ಟು ಬರಿಸಿದ್ದು.

ಲ್ಯಾಬ್‌ನಲ್ಲಿ ನಡೆಯುವುದು ಹೀಗೆ. ಎಂಟು ಹತ್ತು ವಾರ ವಯಸ್ಸಿನ ಕಪ್ಪು ಬಣ್ಣದ ಚಿಟ್ಟಿಲಿಗಳನ್ನು ತೆಗೆದುಕೊಳ್ಳುತ್ತಾರೆ. ಎಂಪಿಟಿಪಿ ಎಂಬ ರಾಸಾಯನಿಕವನ್ನು ದಿನಕ್ಕೊಂದರಂತೆ ಐದು ದಿನ ಹೊಟ್ಟೆಗೆ ಚುಚ್ಚುತ್ತಾರೆ. ಅವಸರವಿದ್ದರೆ ಒಂದೇ ದಿನ, ಎರಡೆರಡು ಗಂಟೆಗೊಮ್ಮೆ ನಾಲ್ಕು ಸಲ. ಚುಚ್ಚುವವರು ಕೈಗವಸು, ಮುಖಗವಸು ಇಲ್ಲದೆ ಹತ್ತಿರ ಹೋಗುವುದಿಲ್ಲ. ಈ ವಿಷ ಮನುಷ್ಯರ ಮಿದುಳನ್ನೂ ಬಿಡುವುದಿಲ್ಲ. ಕೆಲವು ದಿನ ಬಿಟ್ಟು ಇಲಿಯ ಮಿದುಳನ್ನು ತೆಳ್ಳಗೆ ಸೀಳಿ, ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳಷ್ಟೇ ಕಂದು ಬಣ್ಣಕ್ಕೆ ತಿರುಗುವಂತೆ ಬಣ್ಣ ಹಾಕುತ್ತಾರೆ. ಆರೋಗ್ಯವಾಗಿದ್ದ ಇಲಿಯ ಸ್ಲೈಡಿನಲ್ಲಿ ಕಂದು ಚುಕ್ಕೆಗಳು ಒತ್ತೊತ್ತಾಗಿ ಕಾಣುತ್ತವೆ. ವಿಷ ಕೊಟ್ಟದ್ದರಲ್ಲಿ ಅಲ್ಲೊಂದು ಇಲ್ಲೊಂದು. ಔಷಧವನ್ನೂ ಕೊಟ್ಟ ಇಲಿಯಲ್ಲಿ ಚುಕ್ಕೆಗಳು ಎರಡರ ನಡುವೆ ಎಲ್ಲೋ ಉಳಿದಿದ್ದರೆ ‘ಪಾರ್ಕಿನ್ಸನ್ ತಡೆದ ಔಷಧ’ ಎಂಬ ಸುದ್ದಿ ಹುಟ್ಟುತ್ತದೆ.

ಇದರಲ್ಲಿ ಮೋಸವೇನೂ ಇಲ್ಲ. ಪಾರ್ಕಿನ್ಸನ್ ಬಂದವರ ಮಿದುಳಿನಲ್ಲೂ ಸಾಯುವುದು ಮುಖ್ಯವಾಗಿ ಇದೇ ಕೋಶಗಳು. ನಡುಮಿದುಳಿನ ‘ಸಬ್‌ಸ್ಟಾನ್ಷಿಯಾ ನೈಗ್ರಾ’ ಎಂಬ ಕಪ್ಪು ಭಾಗದಲ್ಲಿರುವ, ಡೋಪಮೈನ್ ತಯಾರಿಸುವ ನರಕೋಶಗಳು. ಆದರೆ ಸತ್ತದ್ದು ಒಂದೇ ಆದರೂ ಸಾವು ಬಂದ ದಾರಿ ಬೇರೆ. ಗೆದ್ದಲು ತಿಂದು ಕುಸಿದ ತೊಲೆ, ಕೊಡಲಿ ಏಟಿಗೆ ಮುರಿದ ತೊಲೆ, ಎರಡೂ ನೆಲಕ್ಕೆ ಬಿದ್ದ ಮೇಲೆ ಒಂದೇ. ಮಾಡಿಗೆ ಊರೆ ಕೊಡುವುದು ಹೇಗೆಂದು ಕಲಿಯುವುದಕ್ಕೆ ಎರಡರಲ್ಲಿ ಯಾವುದಾದರೂ ನಡೆದೀತು. ಗೆದ್ದಲು ನಿಲ್ಲಿಸುವುದು ಹೇಗೆಂದು ಕಲಿಯಲು ಕೊಡಲಿ ಏಟು ತಿಂದ ತೊಲೆಯನ್ನು ಎಷ್ಟು ನೋಡಿದರೂ ಸಾಲದು. ಕಳೆದ ಅರವತ್ತೈದು ಎಪ್ಪತ್ತು ವರ್ಷಗಳ ಪಾರ್ಕಿನ್ಸನ್ ಸಂಶೋಧನೆಯ ಗೆಲುವನ್ನೂ ಸೋಲನ್ನೂ ಈ ಒಂದು ವ್ಯತ್ಯಾಸ ಬಹುಮಟ್ಟಿಗೆ ವಿವರಿಸುತ್ತದೆ ಎಂದು ನಾನು ನಂಬುತ್ತೇನೆ.

ವಿಷವೇ ಗುರುವಾದಾಗ

ಗೆಲುವಿನಿಂದ ಶುರು ಮಾಡೋಣ. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮತ್ತು ಅವರ ಜೊತೆಗಾರರು ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಸರ್ಪಗಂಧದ ಬೇರಿನಿಂದ ತೆಗೆಯುವ ಇದು ಆಗ ರಕ್ತದೊತ್ತಡಕ್ಕೂ ಮಾನಸಿಕ ಕಾಯಿಲೆಗೂ ಬಳಕೆಯಲ್ಲಿದ್ದ ಔಷಧ. ಮಿದುಳಿನ ಕೋಶಗಳು ಕೂಡಿಟ್ಟುಕೊಂಡ ಡೋಪಮೈನನ್ನೂ ಅದರ ಸೋದರ ರಾಸಾಯನಿಕಗಳನ್ನೂ ಇದು ಖಾಲಿ ಮಾಡುತ್ತದೆ. ಮೊಲಗಳು ಕಿವಿ ಜೋಲು ಬಿಟ್ಟು, ಮುದ್ದೆಯಾಗಿ, ಇದ್ದಲ್ಲೇ ಕೂತುಬಿಟ್ಟವು. ಆಮೇಲೆ ಡೋಪಾ ಚುಚ್ಚಿದರು. ಡೋಪಾ ಮಿದುಳಿಗೆ ಹೋಗಿ ಡೋಪಮೈನ್ ಆಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ಮೊಲಗಳು ಎದ್ದು ಕಿವಿ ನಿಗುರಿಸಿ ಓಡಾಡತೊಡಗಿದವು. 1960ರಲ್ಲಿ ವಿಯೆನ್ನಾದ ಓಲೆ ಹಾರ್ನಿಕೀವಿಚ್, ಪಾರ್ಕಿನ್ಸನ್‌ನಿಂದ ತೀರಿಕೊಂಡವರ ಮಿದುಳಿನಲ್ಲಿ ಡೋಪಮೈನ್ ತೀರಾ ಕಡಿಮೆಯಾಗಿರುವುದನ್ನು ತೋರಿಸಿದರು. 1967ರಲ್ಲಿ ಜಾರ್ಜ್ ಕೋಟ್ಜಿಯಾಸ್ ಬಾಯಿಯ ಮೂಲಕ ಹೆಚ್ಚು ಪ್ರಮಾಣದ ಡೋಪಾ ಕೊಟ್ಟು ರೋಗಿಗಳು ಎದ್ದು ನಡೆಯುವುದನ್ನು ವರದಿ ಮಾಡಿದರು. ಇವತ್ತಿಗೂ ಪಾರ್ಕಿನ್ಸನ್‌ಗೆ ಮೊದಲ ಔಷಧವೆಂದರೆ ಅದೇ ಡೋಪಾದ ಒಂದು ರೂಪವಾದ ಲೆವೊಡೋಪಾ. ಕಾರ್ಲ್‌ಸನ್ ಅವರಿಗೆ 2000ದಲ್ಲಿ ನೊಬೆಲ್ ಬಂತು.

ಇಲ್ಲಿ ಗಮನಿಸಬೇಕಾದದ್ದು, ಆ ಮೊಲಕ್ಕೆ ಪಾರ್ಕಿನ್ಸನ್ ಇರಲೇ ಇಲ್ಲ. ಅದರ ಒಂದು ಕೋಶವೂ ಸತ್ತಿರಲಿಲ್ಲ. ಡೋಪಮೈನ್ ಖಾಲಿಯಾಗಿತ್ತು, ಅಷ್ಟೇ. ಆದರೆ ಕೇಳಿದ ಪ್ರಶ್ನೆಯೂ ಅಷ್ಟೇ ಆಗಿತ್ತು: ಖಾಲಿಯಾದದ್ದನ್ನು ತುಂಬಿದರೆ ಚಲನೆ ಮರಳುತ್ತದೆಯೇ? ಆ ಪ್ರಶ್ನೆಗೆ ಮೊಲ ಸರಿಯಾದ ಉತ್ತರ ಕೊಟ್ಟಿತು.

ಮುಂದಿನ ವಿಷವನ್ನು ಯಾವ ವಿಜ್ಞಾನಿಯೂ ಹುಡುಕಿಕೊಂಡು ಹೋಗಲಿಲ್ಲ. 1982ರಲ್ಲಿ ಕ್ಯಾಲಿಫೋರ್ನಿಯಾದ ಸಾನ್ ಹೊಸೆಯ ಆಸ್ಪತ್ರೆಗೆ 42 ವರ್ಷದ ಒಬ್ಬರನ್ನು ಕರೆತಂದರು. ಎಚ್ಚರವಿದ್ದರೂ ಮಾತಿಲ್ಲ, ಅಲುಗಾಟವಿಲ್ಲ. ಸುತ್ತಮುತ್ತಲಿನ ಊರುಗಳಲ್ಲಿ ಇಂಥದೇ ಸ್ಥಿತಿಗೆ ಬಿದ್ದ ಇನ್ನೂ ಕೆಲವರು ಸಿಕ್ಕರು. ಎಲ್ಲರೂ ಪಾರ್ಕಿನ್ಸನ್ ಬರುವ ವಯಸ್ಸಿಗಿಂತ ತುಂಬ ಚಿಕ್ಕವರು. ನರರೋಗ ತಜ್ಞ ವಿಲಿಯಂ ಲ್ಯಾಂಗ್‌ಸ್ಟನ್ ಬೆನ್ನು ಹತ್ತಿದಾಗ ಎಲ್ಲರನ್ನೂ ಬೆಸೆಯುವ ಎಳೆ ಸಿಕ್ಕಿತು: ಎಲ್ಲರೂ ಕಳ್ಳದಾರಿಯಲ್ಲಿ ತಯಾರಾದ ನಕಲಿ ಹೆರಾಯಿನ್ ಚುಚ್ಚಿಕೊಂಡಿದ್ದರು. ತಯಾರಿಕೆ ಹದ ತಪ್ಪಿ, ಬೇಕಾಗಿದ್ದ ವಸ್ತುವಿನ ಜೊತೆ ಎಂಪಿಟಿಪಿ ಹುಟ್ಟಿಕೊಂಡಿತ್ತು. 1983ರ ಫೆಬ್ರವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದರ ವರದಿ ಬಂತು.

ನನ್ನನ್ನು ಹೆಚ್ಚು ಕಾಡುವುದು ಇದರ ಹಿಂದಿನ ಕಥೆ. 1976ರಲ್ಲೇ ಅಮೆರಿಕದ ಮೇರಿಲ್ಯಾಂಡಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದ 23 ವರ್ಷದ ಒಬ್ಬ ಯುವಕ ಇದೇ ವಸ್ತುವನ್ನು ತಾನೇ ತಯಾರಿಸಿ ಚುಚ್ಚಿಕೊಂಡು, ಕೆಲವೇ ದಿನಗಳಲ್ಲಿ ಮರಗಟ್ಟಿದ್ದ. ವೈದ್ಯ ಸಂಶೋಧಕರು ಅವನ ಗಾಜಿನ ಪಾತ್ರೆಗಳಿಂದ ಮಾದರಿ ತೆಗೆದು ಪರೀಕ್ಷಿಸಿದರು. ಆ ಬಗೆಯ ವಸ್ತುವನ್ನು ಇಲಿಗಳಿಗೂ ಕೊಟ್ಟು ನೋಡಿದರು. ಇಲಿಗಳು ಸ್ವಲ್ಪ ಹೊತ್ತು ಮಂಕಾಗಿ, ಮತ್ತೆ ಚೇತರಿಸಿಕೊಂಡು ಎಂದಿನಂತಾದವು. ವರದಿ 1979ರಲ್ಲಿ ಅಚ್ಚಾಯಿತು, ಹೆಚ್ಚಿನವರ ಗಮನಕ್ಕೆ ಬರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮತ್ತಷ್ಟು ಜನ ಅದೇ ವಿಷಕ್ಕೆ ಸಿಕ್ಕುಬೀಳುವವರೆಗೆ ಅದು ಹಾಗೇ ಉಳಿಯಿತು.

ಇಲಿಗಳಿಗೆ ಏನೂ ಆಗದ್ದು ಏಕೆ? ಕನ್ನಡದಲ್ಲಿ ನಾವು ಮೌಸ್ ಆದರೂ ರ‍್ಯಾಟ್ ಆದರೂ ಇಲಿ ಎಂದೇ ಬರೆದುಬಿಡುತ್ತೇವೆ. ಇಲ್ಲಿ ಆ ಭೇದ ಮುಖ್ಯ. ಎಂಪಿಟಿಪಿ ತಾನಾಗಿ ವಿಷವಲ್ಲ. ಕೊಬ್ಬಿನಲ್ಲಿ ಕರಗುವ ಗುಣವಿರುವುದರಿಂದ ರಕ್ತದಿಂದ ಮಿದುಳಿಗೆ ಸಲೀಸಾಗಿ ದಾಟುತ್ತದೆ. ಅಲ್ಲಿ ನರಕೋಶಗಳ ಸುತ್ತಲಿನ ಪೋಷಕ ಕೋಶಗಳಲ್ಲಿರುವ ಎಂಎಒ-ಬಿ ಎಂಬ ಕಿಣ್ವ ಅದನ್ನು ಎಂಪಿಪಿ ಪ್ಲಸ್ ಎಂಬ ನಿಜವಾದ ವಿಷವನ್ನಾಗಿ ಮಾರ್ಪಡಿಸುತ್ತದೆ. ಡೋಪಮೈನನ್ನು ವಾಪಸ್ ಒಳಗೆಳೆದುಕೊಳ್ಳಲು ನರಕೋಶಗಳಿಗೆ ಒಂದು ಬಾಗಿಲಿದೆ. ಎಂಪಿಪಿ ಪ್ಲಸ್ ಡೋಪಮೈನಿನ ವೇಷ ಹಾಕಿ ಅದೇ ಬಾಗಿಲಿನಿಂದ ಒಳನುಗ್ಗುತ್ತದೆ. ಸಾಯುವುದು ಮುಖ್ಯವಾಗಿ ಡೋಪಮೈನ್ ಕೋಶಗಳೇ ಏಕೆಂಬುದಕ್ಕೆ ಕಾರಣ ಈ ಬಾಗಿಲು. ಒಳಹೊಕ್ಕ ವಿಷ ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದ ಮೊದಲ ಕೊಂಡಿಯನ್ನೇ ಮುರಿಯುತ್ತದೆ. ಅದರ ಹೆಸರು ಕಾಂಪ್ಲೆಕ್ಸ್ 1. ದೊಡ್ಡ ಇಲಿಯಲ್ಲಿ, ಅಂದರೆ ರ‍್ಯಾಟ್‌ನಲ್ಲಿ, ಆ ಕಿಣ್ವ ಮಿದುಳಿನ ರಕ್ತನಾಳಗಳ ಗೋಡೆಯಲ್ಲೇ ಹೇರಳವಾಗಿದೆ. ಮಾರ್ಪಾಟು ಹೊಸ್ತಿಲಲ್ಲೇ ಆಗಿಹೋಗುತ್ತದೆ. ಮಾರ್ಪಟ್ಟ ವಿಷಕ್ಕೆ ಗೋಡೆ ದಾಟುವ ಶಕ್ತಿಯಿಲ್ಲ. ಅದರ ಜೊತೆಗೆ, ಒಳಸೇರಿದ ಅಲ್ಪಸ್ವಲ್ಪವನ್ನೂ ಅದರ ನರಕೋಶಗಳು ಚೆನ್ನಾಗಿ ಕಟ್ಟಿಹಾಕುತ್ತವೆ. ಚಿಟ್ಟಿಲಿಯಲ್ಲಿ ಸ್ವಲ್ಪ ಕೆಲಸ ಮಾಡುತ್ತದೆ, ಅದೂ ತಳಿಯನ್ನು ನೋಡಿಕೊಂಡು. ಕೋತಿಗಳಲ್ಲಿ ಮಾತ್ರ ಮನುಷ್ಯರಲ್ಲಿ ಆದಂತೆಯೇ ಆಯಿತು: ಸೆಟೆತ, ಬಾಗಿದ ಬೆನ್ನು, ನಿಧಾನವಾದ ಚಲನೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 1983ರಲ್ಲೇ ಇದನ್ನು ತೋರಿಸಿದರು. ಅಷ್ಟೂ ಪ್ರಾಣಿಗಳಿಗೆ ಕೊಟ್ಟದ್ದು ಒಂದೇ ವಿಷ. ಒಂದು ಕಿಣ್ವ ಗೋಡೆಯಲ್ಲಿದೆಯೋ ಒಳಗಿದೆಯೋ ಎಂಬುದು ಇಷ್ಟು ದೊಡ್ಡ ಅಂತರ ತಂದಿತು.

ಆ ಕೋತಿಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ವಿಷ ತೀವ್ರವಾಗಿ ತಾಕಿದ ಪ್ರಾಣಿ ತಾನಾಗಿ ತಿನ್ನಲಾರದು. ಲ್ಯಾಬ್‌ನವರು ಕೈಯಾರೆ ತಿನ್ನಿಸಬೇಕು. ಅವುಗಳ ನೋವಿನಿಂದ ಮನುಷ್ಯರಿಗೆ ಸಿಕ್ಕದ್ದು ದೊಡ್ಡದು. 1990ರಲ್ಲಿ ಹಗಾಯ್ ಬರ್ಗ್‌ಮನ್, ಥಾಮಸ್ ವಿಚ್‌ಮನ್ ಮತ್ತು ಮಹ್ಲಾನ್ ಡಿಲಾಂಗ್, ಎಂಪಿಟಿಪಿ ಕೊಟ್ಟ ಕೋತಿಗಳ ಮಿದುಳಿನಲ್ಲಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಚಿಕ್ಕ ಭಾಗ ಅತಿಯಾಗಿ ಚಟುವಟಿಕೆಯಲ್ಲಿರುತ್ತದೆಂದೂ ಅದನ್ನು ನಿಷ್ಕ್ರಿಯಗೊಳಿಸಿದರೆ ಪ್ರಾಣಿ ಮತ್ತೆ ಚಲಿಸುತ್ತದೆಂದೂ ತೋರಿಸಿದರು. ಫ್ರಾನ್ಸಿನ ಗ್ರೆನೋಬ್ಲಿನಲ್ಲಿ ಅಲಿಮ್-ಲೂಯಿ ಬೆನಾಬಿಡ್ 1987ರಿಂದ ಮಿದುಳಿನ ಇನ್ನೊಂದು ಭಾಗಕ್ಕೆ ತಂತಿ ಇಳಿಸಿ ವಿದ್ಯುತ್ ಮಿಡಿತ ಕೊಟ್ಟು ನಡುಕ ನಿಲ್ಲಿಸುತ್ತಿದ್ದರು. ಕೋತಿಗಳ ಪ್ರಯೋಗ ಬಂದ ಮೇಲೆ, 1993ರಲ್ಲಿ, ಅವರ ತಂಡ ಅದೇ ತಂತಿಯನ್ನು ಈ ಹೊಸ ಜಾಗಕ್ಕೆ ಇಳಿಸಿತು. ಡೀಪ್ ಬ್ರೇನ್ ಸ್ಟಿಮ್ಯುಲೇಶನ್ ಎಂದು ಇಂದು ಕರೆಯುವ ಚಿಕಿತ್ಸೆ ಬೆಳೆದದ್ದು ಹೀಗೆ. ಪ್ರಾಣಿಪ್ರಯೋಗದಿಂದ ಏನೂ ಸಿಕ್ಕಿಲ್ಲ ಎನ್ನುವವರಿಗೆ ಈ ಚಿಕಿತ್ಸೆ ಪಡೆದ ಯಾರನ್ನಾದರೂ, ಯಂತ್ರ ಆರಿಸಿದಾಗ ಮತ್ತು ಹಚ್ಚಿದಾಗ, ಒಮ್ಮೆ ನೋಡಿ ಎನ್ನುತ್ತೇನೆ. ಲೋಟ ಹಿಡಿಯಲಾಗದೆ ನಡುಗುತ್ತಿದ್ದ ಕೈ ಸ್ವಲ್ಪ ಹೊತ್ತಿನಲ್ಲೇ ನಿಲುಗಡೆಗೆ ಬರುತ್ತದೆ.

ಇದೂ ಊರೆ ಕೊಡುವ ಕೆಲಸವೇ. ಕೋಶಗಳು ಸತ್ತಾದ ಮೇಲೆ ಉಳಿದ ಮಿದುಳು ಹೇಗೆ ಏರುಪೇರಾಗುತ್ತದೆ, ಅದನ್ನು ಸರಿದೂಗಿಸುವುದು ಹೇಗೆ ಎಂಬ ಪ್ರಶ್ನೆ. ಆ ಪ್ರಶ್ನೆಯ ಮಟ್ಟಿಗೆ ವಿಷ ಕೊಟ್ಟ ಕೋತಿಯೂ ಪಾರ್ಕಿನ್ಸನ್ ಬಂದ ಮನುಷ್ಯರೂ ಒಂದೇ ಕಡೆ ನಿಂತಿದ್ದಾರೆ.

ಇಲಿ ಗೆದ್ದಿತು, ಟ್ರಯಲ್ ಸೋತಿತು

ಕಾಯಿಲೆಯನ್ನೇ ನಿಲ್ಲಿಸುವ, ಇಲ್ಲವೇ ನಿಧಾನಗೊಳಿಸುವ ಔಷಧದ ಹುಡುಕಾಟ ಮಾತ್ರ ಬೇರೆ ದಾರಿ ಹಿಡಿಯಿತು. ಮೊದಲ ಹೆಜ್ಜೆಯೇ ಪಾಠವಾಗಬೇಕಿತ್ತು. ಎಂಎಒ-ಬಿ ಕಿಣ್ವವನ್ನು ತಡೆಯುವ ಸೆಲಿಜಿಲಿನ್ ಔಷಧ ಮೊದಲೇ ಕೊಟ್ಟಿದ್ದರೆ ಪ್ರಾಣಿಗಳಿಗೆ ಎಂಪಿಟಿಪಿ ತಾಗುವುದಿಲ್ಲ. ಹಾಗಾದರೆ ಮನುಷ್ಯರ ಪಾರ್ಕಿನ್ಸನ್ನನ್ನೂ ತಡೆಯಬಹುದಲ್ಲವೇ ಎಂದು 1987ರಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ 800 ರೋಗಿಗಳ ಡೇಟಾಟಾಪ್ ಎಂಬ ದೊಡ್ಡ ಟ್ರಯಲ್ ಶುರುವಾಯಿತು. ಔಷಧ ತೆಗೆದುಕೊಂಡವರಿಗೆ ಲೆವೊಡೋಪಾ ಬೇಕಾಗುವುದು ತಡವಾಯಿತು. ಸಂಭ್ರಮವೂ ಆಯಿತು. ಮುಂದಿನ ವರ್ಷಗಳಲ್ಲಿ ಆ ಲಾಭ ಕರಗಿತು. ಔಷಧ ರೋಗಲಕ್ಷಣವನ್ನು ಸ್ವಲ್ಪ ತಗ್ಗಿಸಿತ್ತೇ ಹೊರತು ಕಾಯಿಲೆಯ ನಡೆಯನ್ನು ತಡೆದಿದೆ ಎನ್ನಲು ಆಧಾರ ಸಿಗಲಿಲ್ಲ. ಯೋಚಿಸಿದರೆ ಅದು ಸಹಜ. ಪ್ರಾಣಿಗಳಲ್ಲಿ ಸೆಲಿಜಿಲಿನ್ ಮಾಡಿದ್ದು ಎಂಪಿಟಿಪಿ ವಿಷವಾಗದಂತೆ ನೋಡಿಕೊಂಡದ್ದು. ಕೊಡಲಿ ಬೀಸುವ ಕೈಯನ್ನು ಅದು ಹಿಡಿದುಕೊಂಡಿತು. ಮನುಷ್ಯರ ಮಿದುಳಿನಲ್ಲಿ ಕೊಡಲಿ ಇರಲೇ ಇಲ್ಲ.

ಆಮೇಲಿನ ಸರಣಿ ಓದಲು ಕಷ್ಟ. ಮೈಟೋಕಾಂಡ್ರಿಯಾಗೆ ಬಲ ಕೊಡುತ್ತದೆಂದು ನಂಬಿದ್ದ ಕೋಎನ್‌ಜೈಮ್ ಕ್ಯೂ10 ಎಂಪಿಟಿಪಿ ಚಿಟ್ಟಿಲಿಗಳನ್ನು ಕಾಪಾಡಿತ್ತು. 600 ರೋಗಿಗಳ ಟ್ರಯಲನ್ನು ಪ್ರಯೋಜನ ಕಾಣುವ ಲಕ್ಷಣವಿಲ್ಲವೆಂದು 2011ರಲ್ಲಿ ನಿಲ್ಲಿಸಿದರು. ಕ್ರಿಯಾಟಿನ್ ಕೂಡ ಚಿಟ್ಟಿಲಿಗಳನ್ನು ಕಾಪಾಡಿತ್ತು. 1,741 ರೋಗಿಗಳ ಟ್ರಯಲ್ 2013ರಲ್ಲಿ ನಿಂತಿತು. ರಕ್ತದೊತ್ತಡದ ಮಾತ್ರೆ ಇಸ್ರಾಡಿಪಿನ್ 336 ಜನರಲ್ಲಿ ಮೂರು ವರ್ಷ ನಡೆದು ಬರಿಗೈಯಲ್ಲಿ ಮುಗಿಯಿತು. ಇತ್ತೀಚಿನದು ಮಧುಮೇಹದ ಔಷಧ ಎಕ್ಸೆನಟೈಡ್. ವಿಷ ಕೊಟ್ಟ ಪ್ರಾಣಿಗಳಲ್ಲಿ ಒಳ್ಳೆಯ ಫಲಿತಾಂಶ, 2017ರಲ್ಲಿ ಲಂಡನ್ನಿನ ಚಿಕ್ಕ ಟ್ರಯಲಿನಲ್ಲೂ ಭರವಸೆ. 2025ರ ಫೆಬ್ರವರಿಯಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ದೊಡ್ಡ ಟ್ರಯಲಿನ ಫಲಿತಾಂಶ ಬಂತು: 194 ಜನ, 96 ವಾರ, ಔಷಧಕ್ಕೂ ಪ್ಲಸೀಬೊ ಎಂಬ ಹುಸಿ ಮದ್ದಿಗೂ ವ್ಯತ್ಯಾಸವಿಲ್ಲ. ಎರಡು ವರ್ಷ ವಾರಕ್ಕೊಮ್ಮೆ ತಪ್ಪದೆ ಚುಚ್ಚಿಕೊಂಡ ಆ ಜನರ ತಾಳ್ಮೆಯನ್ನು ನೆನೆಯುತ್ತೇನೆ.

ಏಕೆ ಹೀಗಾಗುತ್ತದೆ? ವಿಷದ ಮಾದರಿಯಲ್ಲಿ ಸಮಯವೇ ಇಲ್ಲದಿರುವುದು ಒಂದು ಕಾರಣ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಕಾರಣ. ಚಿಟ್ಟಿಲಿಯ ಪಾರ್ಕಿನ್ಸನ್ ಒಂದು ವಾರದ್ದು. ಮನುಷ್ಯರದು ದಶಕಗಳದ್ದು. ಮೊದಲು ವಾಸನೆ ತಿಳಿಯದಂತಾಗುತ್ತದೆ, ಮಲಬದ್ಧತೆ ಶುರುವಾಗುತ್ತದೆ, ಕನಸಿನಲ್ಲಿ ಕೈಕಾಲು ಬಡಿಯುತ್ತಾರೆ. ಕೈ ನಡುಗುವುದು ಎಷ್ಟೋ ವರ್ಷಗಳ ನಂತರ. ಆ ಹೊತ್ತಿಗೆ ಡೋಪಮೈನ್ ಕೋಶಗಳಲ್ಲಿ ದೊಡ್ಡ ಪಾಲು ಸತ್ತುಹೋಗಿರುತ್ತದೆ. ಪ್ರಾಣಿಗಳ ಪ್ರಯೋಗಗಳಲ್ಲಿ ಔಷಧವನ್ನು ಬಹಳ ಸಲ ವಿಷಕ್ಕೆ ಮುಂಚೆಯೋ ವಿಷದ ಜೊತೆಗೋ ಕೊಟ್ಟಿರುತ್ತಾರೆ. ಇಲಿಗೆ ಬೆಂಕಿ ಹಚ್ಚುವ ಮುಂಚೆಯೇ ನೀರು ಸುರಿದಿರುತ್ತಾರೆ. ಮನುಷ್ಯರು ಡಾಕ್ಟರ ಬಳಿ ಬರುವುದು ಅರ್ಧ ಮನೆ ಸುಟ್ಟ ಮೇಲೆ. ಜೊತೆಗೆ ಇಲಿ ಎಳೆಯದು, ಹೆಚ್ಚಾಗಿ ಗಂಡು, ಎಲ್ಲ ಇಲಿಗಳೂ ಒಂದೇ ತಳಿಯವು, ಒಂದೇ ಆಹಾರದವು. ಕಾಯಿಲೆ ಬರುವ ಮನುಷ್ಯರು ವಯಸ್ಸಾದವರು, ಗಂಡಸರೂ ಹೆಂಗಸರೂ ಇರುವವರು, ಬೇರೆ ನಾಲ್ಕು ಕಾಯಿಲೆಗೆ ಮಾತ್ರೆ ನುಂಗುವವರು. ಹಾಗಾಗಿ ‘ಇಲಿಗಳಲ್ಲಿ ಯಶಸ್ವಿ’ ಎಂದು ಕಂಡ ಕೂಡಲೇ ನಾನು ಹುಡುಕುವುದು ಒಂದೇ ವಿವರವನ್ನು: ಔಷಧ ಕೊಟ್ಟದ್ದು ವಿಷಕ್ಕೆ ಮೊದಲೋ, ನಂತರವೋ?

ಇನ್ನೊಂದು ಕಾರಣ ಆಲ್ಫಾ-ಸಿನ್ಯೂಕ್ಲಿನ್. ಪಾರ್ಕಿನ್ಸನ್ ಬಂದವರ ನರಕೋಶಗಳಲ್ಲಿ ಈ ಪ್ರೋಟೀನು ಮಡಿಕೆ ತಪ್ಪಿ ಗಂಟುಗಟ್ಟಿ ಕೂತಿರುತ್ತದೆ. ಆ ಗಂಟುಗಳಿಗೆ ಲೂಯಿ ಬಾಡಿ ಎಂದು ಹೆಸರು. ಎಂಪಿಟಿಪಿ ಕೊಟ್ಟ ಪ್ರಾಣಿಗಳಲ್ಲಿ ಅಂಥ ಗಂಟುಗಳು ಸಾಮಾನ್ಯವಾಗಿ ಕಾಣುವುದಿಲ್ಲ. ಎಂಪಿಟಿಪಿಗೆ ಸಿಕ್ಕಿ ವರ್ಷಗಟ್ಟಲೆ ಬದುಕಿದ್ದ ಮೂವರ ಮಿದುಳಿನ ವರದಿ 1999ರಲ್ಲಿ ಬಂತು, ಅಲ್ಲೂ ಗಂಟುಗಳಿರಲಿಲ್ಲ. ಅಂದರೆ ಲಕ್ಷಣಗಳು ಅಷ್ಟು ಹೋಲುತ್ತಿದ್ದ ಆ ಮನುಷ್ಯರಿಗೂ ಬಂದದ್ದು ಪಾರ್ಕಿನ್ಸನ್ ಅಲ್ಲ, ಪಾರ್ಕಿನ್ಸನ್ನಿನ ಪಡಿಯಚ್ಚು.

ಜೀನ್ ಬದಲಿಸಿ ಗಂಟು ತರಿಸಬಹುದಲ್ಲ ಎಂದರೆ ಅಲ್ಲೂ ಪ್ರಾಣಿ ತನ್ನದೇ ಪಾಠ ಹೇಳುತ್ತದೆ. ಇಟಲಿಯ ಕೊಂತುರ್ಸಿ ಎಂಬ ಊರಿನಿಂದ ಬಂದ ಒಂದು ಕುಟುಂಬದಲ್ಲಿ ತಲೆಮಾರುಗಳ ಕಾಲ ಪಾರ್ಕಿನ್ಸನ್ ಹರಿದುಬಂದಿತ್ತು. 1997ರಲ್ಲಿ ಅದರ ಕಾರಣ ಸಿಕ್ಕಿತು: ಆಲ್ಫಾ-ಸಿನ್ಯೂಕ್ಲಿನ್‌ನ 53ನೇ ಸ್ಥಾನದಲ್ಲಿ ಅಲನಿನ್ ಇರಬೇಕಾದ ಕಡೆ ಥ್ರಿಯೊನಿನ್ ಬಂದಿತ್ತು. ಒಂದೇ ಅಮೈನೊ ಆಮ್ಲದ ಬದಲಾವಣೆ, ಅಷ್ಟಕ್ಕೇ ಕಾಯಿಲೆ. ಇಲಿಗಳ ಆಲ್ಫಾ-ಸಿನ್ಯೂಕ್ಲಿನ್‌ನಲ್ಲಿ 53ನೇ ಸ್ಥಾನದಲ್ಲಿ ಹುಟ್ಟಿನಿಂದಲೇ ಇರುವುದು ಥ್ರಿಯೊನಿನ್. ಮನುಷ್ಯರನ್ನು ನಡುಗಿಸುವ ದೋಷವನ್ನು ಇಲಿ ತನ್ನ ಸಹಜ ಸ್ಥಿತಿಯಾಗಿ ಹೊತ್ತುಕೊಂಡು, ಏನೂ ಆಗದೆ ಓಡಾಡಿಕೊಂಡಿರುತ್ತದೆ.

ಹೊಲದ ವಿಷ, ನೀರಿನ ವಿಷ

ವಿಷದ ಮಾದರಿಗಳಿಂದ ಹುಟ್ಟಿದ ಇನ್ನೊಂದು ಪ್ರಶ್ನೆ ಮಾತ್ರ ಲ್ಯಾಬ್ ಬಿಟ್ಟು ಹೊರಗೆ ಬಂತು, ಮತ್ತು ನನಗೆ ಅದು ಇವತ್ತಿನ ಅತಿ ಮುಖ್ಯ ಪ್ರಶ್ನೆಯಾಗಿ ಕಾಣುತ್ತದೆ. ಒಂದು ರಾಸಾಯನಿಕ ಇಷ್ಟು ಮಾಡಬಲ್ಲದಾದರೆ, ನಾವು ದಿನವೂ ಉಸಿರಾಡುವ, ಕುಡಿಯುವ, ಹೊಲಕ್ಕೆ ಸಿಂಪಡಿಸುವ ವಸ್ತುಗಳು ಅದನ್ನೇ ಮೆಲ್ಲಗೆ ಮಾಡುತ್ತಿರಬಹುದೇ?

ಎಂಪಿಪಿ ಪ್ಲಸ್‌ನ ರಚನೆ ನೋಡಿದ ರಸಾಯನಶಾಸ್ತ್ರಜ್ಞರಿಗೆ ಪ್ಯಾರಾಕ್ವಾಟ್ ಎಂಬ ಕಳೆನಾಶಕ ತಕ್ಷಣ ನೆನಪಾಯಿತು. ಎರಡಕ್ಕೂ ಅಣ್ಣತಮ್ಮಂದಿರ ಹೋಲಿಕೆ. ಆದರೆ ಹೋಲಿಕೆ ನೋಡಿ ತೀರ್ಪು ಕೊಡುವಂತಿರಲಿಲ್ಲ. ಪ್ಯಾರಾಕ್ವಾಟ್ ಕೊಲ್ಲುವ ಬಗೆ ಬೇರೆ. ಕಾಂಪ್ಲೆಕ್ಸ್ 1 ಮುರಿಯುವುದು ಅದರ ಮುಖ್ಯ ಕೆಲಸವಲ್ಲ, ಕೋಶದೊಳಗೆ ಆಮ್ಲಜನಕದ ಉಗ್ರ ರೂಪಗಳನ್ನು ಮತ್ತೆ ಮತ್ತೆ ಹುಟ್ಟಿಸುವುದು ಅದರ ರೀತಿ. ಪ್ರಾಣಿಪ್ರಯೋಗಗಳೂ ಒಂದೇ ಮಾತು ಹೇಳಲಿಲ್ಲ. ಕೆಲವು ಲ್ಯಾಬುಗಳಲ್ಲಿ ಕೋಶಗಳು ಸತ್ತವು, ಕೆಲವು ಕಡೆ ಸಾಯಲಿಲ್ಲ.

ಗಿಡಗಳ ಬೇರಿನಿಂದ ಬರುವ ಕೀಟನಾಶಕ ರೊಟೆನೋನ್ ಮಾತ್ರ ನೇರವಾಗಿ ಕಾಂಪ್ಲೆಕ್ಸ್ 1 ಮುರಿಯುತ್ತದೆ. ಅಮೆರಿಕದ ಎಮರಿ ವಿಶ್ವವಿದ್ಯಾಲಯದಲ್ಲಿ ತಿಮೋತಿ ಗ್ರೀನಮೈರ್ ತಂಡ ಅದನ್ನು ದೊಡ್ಡ ಇಲಿಗಳ ರಕ್ತನಾಳಕ್ಕೆ ಪುಟ್ಟ ಪಂಪಿನ ಮೂಲಕ ವಾರಗಟ್ಟಲೆ ಸಣ್ಣಗೆ ಹರಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿತು. ಡೋಪಮೈನ್ ಕೋಶಗಳು ಸತ್ತವು. ಅದರ ಜೊತೆಗೆ, ಎಂಪಿಟಿಪಿಯಲ್ಲಿ ಕಾಣದಿದ್ದ ಲೂಯಿ ಬಾಡಿಯಂಥ ಗಂಟುಗಳೂ ಕಂಡವು. ಎಲ್ಲ ಇಲಿಗಳಲ್ಲೂ ಅಲ್ಲ. ಒಂದೇ ತಳಿ, ಒಂದೇ ಪ್ರಮಾಣ, ಆದರೂ ಕೆಲವಕ್ಕೆ ತಾಗಿತು, ಕೆಲವಕ್ಕೆ ಇಲ್ಲ. ಪ್ರಯೋಗ ಮಾಡುವವರಿಗೆ ಅದು ತಲೆನೋವು. ನನಗೆ ಅದರಲ್ಲೇ ಹೆಚ್ಚು ನಿಜ ಕಾಣುತ್ತದೆ, ಏಕೆಂದರೆ ಒಂದೇ ಹೊಲದಲ್ಲಿ ಒಂದೇ ಔಷಧಿ ಹೊಡೆದ ಅಕ್ಕಪಕ್ಕದವರಲ್ಲೂ ಹೀಗೇ ಆಗುತ್ತದೆ.

ಮನುಷ್ಯರಲ್ಲಿ ಇದನ್ನು ಪ್ರಯೋಗ ಮಾಡಿ ನೋಡುವಂತಿಲ್ಲ, ನೋಡಲೂ ಬಾರದು. ಆಗಲೇ ಒಡ್ಡಿಕೊಂಡವರನ್ನು ಹುಡುಕಬೇಕು. ಕ್ಯಾರೊಲಿನ್ ಟ್ಯಾನರ್ ತಂಡ ಅಮೆರಿಕದಲ್ಲಿ ಕೀಟನಾಶಕ ಸಿಂಪಡಿಸುವ ಪರವಾನಗಿ ಹೊಂದಿದವರ ಕುಟುಂಬಗಳಲ್ಲಿ, ಪಾರ್ಕಿನ್ಸನ್ ಇದ್ದ 110 ಮತ್ತು ಇಲ್ಲದ 358 ಜನರನ್ನು ಹೋಲಿಸಿ 2011ರಲ್ಲಿ ವರದಿ ಮಾಡಿತು: ಪ್ಯಾರಾಕ್ವಾಟ್ ಬಳಸಿದವರಲ್ಲಿ ಕಾಯಿಲೆಯ ಸಾಧ್ಯತೆ ಸುಮಾರು ಎರಡೂವರೆ ಪಟ್ಟು, ರೊಟೆನೋನ್ ಬಳಸಿದವರಲ್ಲೂ ಅಷ್ಟೇ. ಯುರೋಪಿಯನ್ ಒಕ್ಕೂಟದಲ್ಲಿ ಪ್ಯಾರಾಕ್ವಾಟ್‌ಗೆ 2007ರಲ್ಲೇ ಬಾಗಿಲು ಮುಚ್ಚಿದೆ. ಅಮೆರಿಕದಲ್ಲಿ ಅದರ ಬಳಕೆಯೂ ಅದರ ಮೇಲಿನ ಸಾವಿರಾರು ಮೊಕದ್ದಮೆಗಳೂ ಒಟ್ಟಿಗೇ ನಡೆದುಬಂದಿವೆ.

ನೀರಿನ ಕಥೆ ಇನ್ನೂ ಸ್ಪಷ್ಟ. ಲೋಹದ ಜಿಡ್ಡು ತೆಗೆಯಲು, ಬಟ್ಟೆ ಡ್ರೈಕ್ಲೀನ್ ಮಾಡಲು ಬಳಸುತ್ತಿದ್ದ ಟ್ರೈಕ್ಲೋರೊಎಥಿಲೀನ್ ಅಮೆರಿಕದ ನಾರ್ತ್ ಕ್ಯಾರೊಲಿನಾದ ಕ್ಯಾಂಪ್ ಲೆಜೂನ್ ಎಂಬ ನೌಕಾ ಯೋಧರ ನೆಲೆಯಲ್ಲಿ ದಶಕಗಳ ಕಾಲ ಕುಡಿಯುವ ನೀರಿಗೆ ಸೇರಿತ್ತು. ಕ್ಯಾಲಿಫೋರ್ನಿಯಾದ ಕ್ಯಾಂಪ್ ಪೆಂಡಲ್‌ಟನ್‌ನಲ್ಲಿ ಅಂಥ ನೀರಿರಲಿಲ್ಲ. ಎರಡೂ ಕಡೆ 1975ರಿಂದ 1985ರ ನಡುವೆ ಇದ್ದ ಯೋಧರು ಒಂದೇ ವಯಸ್ಸಿನವರು, ಒಂದೇ ಬಗೆಯ ಕೆಲಸದವರು. ಒಟ್ಟು 3,40,489 ಯೋಧರನ್ನು ಹೋಲಿಸಿದ ಅಧ್ಯಯನ 2023ರಲ್ಲಿ ಬಂತು: ಲೆಜೂನ್‌ನಲ್ಲಿದ್ದವರಿಗೆ ಪಾರ್ಕಿನ್ಸನ್ ಸಾಧ್ಯತೆ 70 ಶೇಕಡಾ ಹೆಚ್ಚು. ಇದೇ ದ್ರಾವಕ ದೊಡ್ಡ ಇಲಿಗಳಲ್ಲಿ ಡೋಪಮೈನ್ ಕೋಶಗಳಿಗೆ ಹಾನಿ ಮಾಡುವುದನ್ನು ಲ್ಯಾಬುಗಳು ಮೊದಲೇ ತೋರಿಸಿದ್ದವು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರ ಡಿಸೆಂಬರಿನಲ್ಲಿ ಟ್ರೈಕ್ಲೋರೊಎಥಿಲೀನ್ ನಿಷೇಧಿಸುವ ಆದೇಶ ಹೊರಡಿಸಿತು. ಪ್ರಾಣಿಗಳು ಔಷಧ ಹುಡುಕಿಕೊಡುವುದರಲ್ಲಿ ಎಷ್ಟು ಸಲ ಕೈಕೊಟ್ಟರೂ ಅಪಾಯ ಎಲ್ಲಿದೆ ಎಂದು ಬೆರಳು ತೋರಿಸುವುದರಲ್ಲಿ ನೆರವಾದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಬರುವುದನ್ನು ತಡೆಯುವುದೂ ಒಂದು ಚಿಕಿತ್ಸೆಯೇ. ಅದಕ್ಕೆ ಸಿಗುವ ಹಣ ಮತ್ತು ಗಮನ ಮಾತ್ರ ಕಡಿಮೆ.

ಪ್ರಾಣಿಗಳನ್ನು ಬಿಟ್ಟುಬಿಡಬಹುದೇ?

ಈಗ ಗಾಳಿ ಆ ಕಡೆ ಬೀಸುತ್ತಿದೆ. ಅಮೆರಿಕದಲ್ಲಿ 1937ರಲ್ಲಿ ಸಲ್ಫನಿಲಮೈಡ್ ಔಷಧವನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದಲ್ಲಿ ಕರಗಿಸಿ, ಯಾವ ಪ್ರಾಣಿಗೂ ಕೊಟ್ಟು ನೋಡದೆ ಮಾರಿದ್ದರಿಂದ ನೂರಕ್ಕೂ ಹೆಚ್ಚು ಜನ, ಅವರಲ್ಲಿ ಅನೇಕ ಮಕ್ಕಳು, ಸತ್ತಿದ್ದರು. 1938ರ ಔಷಧ ಕಾನೂನು ಬಂದದ್ದು ಆ ದುಃಖದಿಂದ. ಪ್ರಾಣಿಪರೀಕ್ಷೆ ಕಡ್ಡಾಯವೆಂಬ ಆ ಕಾಲದ ನಿಯಮವನ್ನು 2022ರ ಡಿಸೆಂಬರಿನಲ್ಲಿ ಸಡಿಲಿಸಿದರು. 2025ರ ಏಪ್ರಿಲಿನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಆ್ಯಂಟಿಬಾಡಿ ಔಷಧಗಳಿಂದ ಶುರುಮಾಡಿ ಪ್ರಾಣಿಪರೀಕ್ಷೆಯನ್ನು ಹಂತಹಂತವಾಗಿ ಕಡಿಮೆ ಮಾಡುವ ಯೋಜನೆ ಪ್ರಕಟಿಸಿತು. ಅದರ ಜಾಗಕ್ಕೆ ಬರುವುದು ಕಂಪ್ಯೂಟರ್ ಲೆಕ್ಕಾಚಾರ, ಚಿಪ್ ಮೇಲೆ ಬೆಳೆಸಿದ ಅಂಗಾಂಶ, ಮತ್ತು ಆರ್ಗನಾಯ್ಡ್ ಎಂಬ ಪುಟ್ಟ ಅಂಗದ ತುಣುಕುಗಳು.

ಪಾರ್ಕಿನ್ಸನ್ ಮಟ್ಟಿಗೆ ಇದರಲ್ಲಿ ನಿಜವಾದ ಲಾಭವಿದೆ. ರೋಗಿಯ ಚರ್ಮದ ಕೋಶವನ್ನು ಹಿಂದಕ್ಕೆ ತಿರುಗಿಸಿ, ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಕಾಂಡಕೋಶ ಮಾಡಿ, ಅದರಿಂದ ಡೋಪಮೈನ್ ನರಕೋಶ ಬೆಳೆಸಿದರೆ ಅದು ಆ ಮನುಷ್ಯರದೇ ಕೋಶ. ಅದರ ಆಲ್ಫಾ-ಸಿನ್ಯೂಕ್ಲಿನ್‌ನ 53ನೇ ಸ್ಥಾನದಲ್ಲಿ ಇರಬೇಕಾದ್ದೇ ಇರುತ್ತದೆ. ಆದರೆ ತಟ್ಟೆಯಲ್ಲಿ ಬೆಳೆದ ನಡುಮಿದುಳಿಗೆ ಸಹಜವಾದ ರಕ್ತನಾಳವಿಲ್ಲ, ಕರುಳಿಲ್ಲ, ನಡಿಗೆಯಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಕೋಶಗಳಿಗೆ ವಯಸ್ಸಾಗಿಲ್ಲ. ಅವು ಭ್ರೂಣದ ಕೋಶಗಳನ್ನು ಹೋಲುತ್ತವೆ. ಅರವತ್ತರ ಕಾಯಿಲೆಯನ್ನು ಹುಟ್ಟದ ಮಗುವಿನ ವಯಸ್ಸಿನ ಕೋಶದಲ್ಲಿ ಹುಡುಕಬೇಕು. ಹಳೆಯ ಮಾದರಿಯ ಅದೇ ಕೊರತೆ, ಸಮಯ, ಇಲ್ಲೂ ಬೆನ್ನು ಬಿಟ್ಟಿಲ್ಲ.

ಹೊಸ ದಾರಿಗಳಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಮನುಷ್ಯರಿಂದಲೇ ಶುರುವಾಗುವ ಒಂದು ಪರೀಕ್ಷೆಯ ಮೇಲೆ. ಬೆನ್ನುಹುರಿಯ ದ್ರವದಲ್ಲಿ ಮಡಿಕೆ ತಪ್ಪಿದ ಆಲ್ಫಾ-ಸಿನ್ಯೂಕ್ಲಿನ್ ಒಂದಿಷ್ಟಿದ್ದರೂ ಹೆಪ್ಪಿನ ಹಾಗೆ ಕೆಲಸ ಮಾಡಿ ಸರಿಯಾದ ಪ್ರೋಟೀನನ್ನೂ ಗಂಟುಗಟ್ಟಿಸುತ್ತದೆ. ಅದನ್ನೇ ಬಳಸಿ ಪತ್ತೆ ಮಾಡುತ್ತಾರೆ. 2023ರಲ್ಲಿ 1,123 ಜನರಲ್ಲಿ ಇದನ್ನು ಒರೆಗೆ ಹಚ್ಚಿದಾಗ ಪಾರ್ಕಿನ್ಸನ್ ಇದ್ದವರಲ್ಲಿ ಸುಮಾರು 88 ಶೇಕಡಾ ಜನರಲ್ಲಿ ಹೆಪ್ಪು ಸಿಕ್ಕಿತು. ನಡುಕ ಶುರುವಾಗದ, ವಾಸನೆ ಮಾತ್ರ ಕಳೆದುಕೊಂಡ ಕೆಲವರಲ್ಲೂ ಸಿಕ್ಕಿತು. ಎಲ್‌ಆರ್‌ಆರ್‌ಕೆ2 ಎಂಬ ಜೀನಿನ ದೋಷದಿಂದ ಕಾಯಿಲೆ ಬಂದವರಲ್ಲಿ ಮೂರರಲ್ಲಿ ಒಬ್ಬರಿಗೆ ಹೆಪ್ಪೇ ಇರಲಿಲ್ಲ. ಅಂದರೆ ಒಂದೇ ಹೆಸರಿನಡಿ ಬೇರೆ ಬೇರೆ ಕಾಯಿಲೆಗಳಿವೆ. ಅವರನ್ನೆಲ್ಲ ಒಟ್ಟಿಗೆ ಸೇರಿಸಿ ಒಂದೇ ಔಷಧ ಕೊಟ್ಟು, ಕೆಲಸ ಮಾಡಲಿಲ್ಲ ಎಂದು ಬಿಟ್ಟುಬಿಟ್ಟ ಟ್ರಯಲುಗಳಲ್ಲಿ ಯಾರೋ ಕೆಲವರಿಗೆ ಅದು ಕೆಲಸ ಮಾಡಿತ್ತೇನೋ ಎಂಬ ಸಂಶಯ ನನ್ನನ್ನು ಬಿಡುವುದಿಲ್ಲ.

ಕೊನೆಗೆ, ವಿಷ ಕೊಟ್ಟ ಕೋತಿಗಳು ಈಗಲೂ ಎಲ್ಲಿ ಬೇಕಾಗಿವೆ ನೋಡಿ. 2017ರಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಜುನ್ ತಕಹಾಶಿ ತಂಡ, ಮನುಷ್ಯರ ಕಾಂಡಕೋಶಗಳಿಂದ ಬೆಳೆಸಿದ ಡೋಪಮೈನ್ ಕೋಶಗಳನ್ನು ಎಂಪಿಟಿಪಿ ಕೋತಿಗಳ ಮಿದುಳಿಗೆ ಕಸಿ ಮಾಡಿ ಎರಡು ವರ್ಷದವರೆಗೆ ಗಮನಿಸಿತ್ತು. ಕೋಶಗಳು ಬದುಕಿದವು, ಗಡ್ಡೆಯಾಗಲಿಲ್ಲ, ಪ್ರಾಣಿಗಳ ಚಲನೆ ಸುಧಾರಿಸಿತು. ಆ ಧೈರ್ಯದ ಮೇಲೆ ಏಳು ರೋಗಿಗಳಿಗೆ ಕಸಿ ಮಾಡಿದರು. 2025ರ ಏಪ್ರಿಲಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಗಂಭೀರ ತೊಂದರೆಗಳಿಲ್ಲ, ಪರಿಣಾಮ ಅಳೆದ ಆರು ಜನರಲ್ಲಿ ನಾಲ್ವರು, ಔಷಧದ ಪ್ರಭಾವ ಇಳಿದ ಹೊತ್ತಿನಲ್ಲೂ, ಮೊದಲಿಗಿಂತ ಚೆನ್ನಾಗಿ ಚಲಿಸಿದರು. ಅದೇ ಸಂಚಿಕೆಯ ಹೊತ್ತಿಗೆ ಉತ್ತರ ಅಮೆರಿಕದ 12 ರೋಗಿಗಳ ಇಂಥದೇ ಇನ್ನೊಂದು ಟ್ರಯಲೂ ವರದಿಯಾಯಿತು.

ಚಿಕ್ಕ ಸಂಖ್ಯೆ, ಆದರೆ ನಿಜವಾದ ಸಂತೋಷ. ಹಳೆಯ ತೊಲೆಯ ಜಾಗಕ್ಕೆ ಹೊಸ ತೊಲೆ ಇಟ್ಟು ನೋಡುವ ಕೆಲಸದಲ್ಲಿ ಕೋತಿ ಮತ್ತೊಮ್ಮೆ ಸರಿಯಾದ ಉತ್ತರ ಕೊಟ್ಟಿದೆ. ಆದರೆ ಕೋತಿಯ ಮಿದುಳಿಗೆ ಬಂದ ವಿಷ ಕೆಲವು ದಿನಗಳಲ್ಲಿ ಹೊರಟುಹೋಗಿತ್ತು. ಕಸಿ ಮಾಡಿದ ಕೋಶಗಳಿಗೆ ಅಲ್ಲಿ ಶತ್ರುವಿರಲಿಲ್ಲ. ಮನುಷ್ಯರ ಮಿದುಳಿನಲ್ಲಿ ಕಾಯಿಲೆ ಅಲ್ಲೇ ಇದೆ. ಮೂರು ನಾಲ್ಕು ದಶಕಗಳ ಹಿಂದೆ ಭ್ರೂಣದ ಕೋಶಗಳನ್ನು ಕಸಿ ಮಾಡಿಸಿಕೊಂಡ ಕೆಲವು ರೋಗಿಗಳ ಮಿದುಳನ್ನು ಅವರು ತೀರಿಕೊಂಡ ಮೇಲೆ ಪರೀಕ್ಷಿಸಿ 2008ರಲ್ಲಿ ವರದಿ ಮಾಡಿದ್ದರು. ಕಸಿಯಾಗಿ ಹನ್ನೊಂದರಿಂದ ಹದಿನಾರು ವರ್ಷ ಕಳೆದಿತ್ತು. ಆ ಎಳೆಯ ಕೋಶಗಳು ಇನ್ನೂ ಬದುಕಿದ್ದವು, ಮತ್ತು ಅವುಗಳಲ್ಲಿ ಕೆಲವದರೊಳಗೆ ಲೂಯಿ ಬಾಡಿಗಳು ಕೂತಿದ್ದವು. ಕ್ಯೋಟೊದ ಏಳು ಜನರಲ್ಲಿ ಕಸಿಯಾದ ಕೋಶಗಳಿಗೆ ಇನ್ನೂ ಅಷ್ಟು ವಯಸ್ಸಾಗಿಲ್ಲ.